ಜರ್ಮನ್ ತಾನಾಗಿ ಬರುತ್ತೆ, ಕನ್ನಡ ಬರಲ್ಲ

ನೀವು ಕೇಳಿದ್ದು ಇದು: ಸಕಲೇಶಪುರದಿಂದ ಮ್ಯೂನಿಕ್‌ಗೆ ಬರ್ತಿದ್ದೀರಿ, ಮಗನಿಗೆ ಮೂರೂವರೆ ವರ್ಷ, ಮನೆಮಾತು ಕನ್ನಡ. ಭಾಷೆ ಕಲಿಯೋ ಶಕ್ತಿ ಮಕ್ಕಳಿಗೆ ಹುಟ್ಟಿನಿಂದಲೇ ಇರುತ್ತೆ, ತಲೆ ಕೆಡಿಸಿಕೊಳ್ಳಬೇಡಿ ಅಂತ ಎಲ್ಲರೂ ಹೇಳ್ತಾರೆ. ನಂಬಬಹುದಾ? ಈಗಿಂದಲೇ ಮನೆಯಲ್ಲಿ ಜರ್ಮನ್ ಶುರು ಮಾಡಬೇಕಾ?

ಜರ್ಮನ್ ಮಟ್ಟಿಗೆ ನಂಬಿ. ಕನ್ನಡದ ಮಟ್ಟಿಗೆ ಅದನ್ನೇ ನಂಬಿ ಕೂತರೆ ಕೆಟ್ಟಿರಿ.

ಭಾಷೆ ಕಲಿಯೋ ಶಕ್ತಿ ಹುಟ್ಟಿನದು ಅನ್ನೋ ವಾದವನ್ನು ಗಟ್ಟಿಯಾಗಿ ಮುಂದಿಟ್ಟವರು ಅಮೆರಿಕದ ಭಾಷಾವಿಜ್ಞಾನಿ ನೋಮ್ ಚಾಮ್‌ಸ್ಕಿ. ಮಾತನ್ನು ಕೇವಲ ರೂಢಿ ಮತ್ತು ಶಾಬಾಸ್‌ಗಿರಿಯ ಫಲವಾಗಿ ವಿವರಿಸಿದ್ದ ಮನಶ್ಶಾಸ್ತ್ರಜ್ಞ ಸ್ಕಿನ್ನರ್ ಅವರ ಪುಸ್ತಕವನ್ನು 1959ರಲ್ಲಿ ಅವರು ಕಟುವಾಗಿ ವಿಮರ್ಶಿಸಿದರು. ಚಾಮ್‌ಸ್ಕಿ ಮಾತಿನ ತಿರುಳನ್ನು ಮನೆಯಲ್ಲೇ ಕೇಳಬಹುದು. ‘ಮಾಡಿದೆ’, ‘ಓಡಿದೆ’ ಕೇಳಿ ಬೆಳೆದ ಮಗು ಒಮ್ಮೊಮ್ಮೆ ‘ಕೊಡಿದೆ’, ‘ಬಿಡಿದೆ’ ಅಂದುಬಿಡುತ್ತೆ. ದೊಡ್ಡವರು ಯಾರೂ ಹಾಗನ್ನಲ್ಲ. ಅದು ಗಿಳಿಪಾಠವಲ್ಲ, ತಾನೇ ಕಂಡುಕೊಂಡ ನಿಯಮ. ಬೈದು ತಿದ್ದಬೇಡಿ, ‘ಓಹೋ, ಅವನಿಗೆ ಕೊಟ್ಟೆಯಾ?’ ಅಂತ ಸರಿಯಾದ ರೂಪವನ್ನು ಕಿವಿಗೆ ಬೀಳಿಸಿ ಮಾತು ಮುಂದುವರಿಸಿ. ಇದು ಭಾಷೆಗೆಂದೇ ಮೀಸಲಾದ ಶಕ್ತಿಯೋ, ಮನಶ್ಶಾಸ್ತ್ರಜ್ಞ ಮೈಕೇಲ್ ಟೊಮಸೆಲ್ಲೊ ಮುಂತಾದವರು ಹೇಳುವಂತೆ ಎಲ್ಲ ಕಲಿಕೆಗೂ ಒದಗುವ ಜಾಣತನವೋ ಅನ್ನೋ ಜಗಳ ಇನ್ನೂ ನಡೀತಿದೆ. ನಡೀಲಿ ಬಿಡಿ. ಎರಡೂ ಕಡೆಯವರು ಒಪ್ಪುವ ಮಾತು ನಿಮಗೆ ಸಾಕು: ಶಕ್ತಿ ಹುಟ್ಟಿನದಾದರೂ ಯಾವ ಭಾಷೆ ಅನ್ನೋದು ಕಿವಿಗೆ ಬಿದ್ದಂತೆ. ಕಾಫಿ ಗಿಡದಲ್ಲಿ ಮೊಗ್ಗು ಎಷ್ಟಿದ್ದರೂ ಹೂಮಳೆ ಹೊತ್ತಿಗೆ ಸರಿಯಾಗಿ ಬೀಳದಿದ್ದರೆ ಏನಾಗುತ್ತೆ ಅಂತ ನಿಮ್ಮೂರಿನವರಿಗೆ ಹೇಳಬೇಕಿಲ್ಲ.

ಬಂದ ಭಾಷೆ ಹೋಗುವುದೂ ಉಂಟು. ಮೂರರಿಂದ ಎಂಟು ವರ್ಷದೊಳಗೆ ಫ್ರಾನ್ಸಿಗೆ ದತ್ತು ಹೋದ ಕೊರಿಯಾದ ಮಕ್ಕಳನ್ನು ದೊಡ್ಡವರಾದ ಮೇಲೆ ಪರೀಕ್ಷಿಸಿದಾಗ, ಕೊರಿಯನ್ ವಾಕ್ಯಗಳನ್ನು ಬೇರೆ ಪರಭಾಷೆಗಳಿಂದ ಬೇರ್ಪಡಿಸಿ ಗುರುತಿಸಲೂ ಅವರಿಗೆ ಆಗಲಿಲ್ಲ. 2003ರ ಅಧ್ಯಯನ ಇದು. ನಿಮ್ಮ ಮಗ ಈಗ ಅದೇ ವಯಸ್ಸಿನಲ್ಲಿದ್ದಾನೆ. ಅವರ ಹಾಗೆ ಅವನಿಗೆ ಮನೆಮಾತು ಪೂರ್ತಿ ನಿಂತುಹೋಗಲ್ಲ ನಿಜ, ಆದರೆ ಇಲ್ಲಿ ಅದನ್ನು ಕೇಳಿಸೋರು ನೀವಿಬ್ಬರೇ.

ಹಾಗಾಗಿ ಮನೆಯಲ್ಲಿ ಗಂಡ-ಹೆಂಡತಿ ಇಬ್ಬರೂ ಕನ್ನಡವನ್ನೇ ಆಡಿ. ಬೆಲ್ಜಿಯಂನ ಫ್ಲಾಂಡರ್ಸ್‌ನಲ್ಲಿ ಸುಮಾರು 1,900 ಕುಟುಂಬಗಳನ್ನು ವಿಚಾರಿಸಿ 2007ರಲ್ಲಿ ಭಾಷಾ ಸಂಶೋಧಕಿ ಅನಿಕ್ ಡಿ ಹೌವರ್ ಕಂಡದ್ದು: ತಂದೆ ತಾಯಿ ಇಬ್ಬರೂ ಮನೆಯಲ್ಲಿ ಪರದೇಶದ ಮನೆಮಾತನ್ನಷ್ಟೇ ಆಡಿದಲ್ಲಿ ಶೇ. 96ಕ್ಕಿಂತ ಹೆಚ್ಚು ಕಡೆ ಮಕ್ಕಳಿಗೂ ಅದು ಬಂತು. ಒಬ್ಬರು ಅದು, ಇನ್ನೊಬ್ಬರು ಊರಿನ ಭಾಷೆ ಅಂದಲ್ಲಿ ಸುಮಾರು ಮುಕ್ಕಾಲು ಪಾಲಿಗೆ ಇಳಿಯಿತು. ‘ಡೋರ್ ಕ್ಲೋಸ್ ಮಾಡು, ವಾಟರ್ ಕುಡಿ’ ಅನ್ನೋ ಬೆಂಗಳೂರು ಧಾಟಿ ಬಿಡಿ. ಅದರಲ್ಲಿ ಮಗುವಿಗೆ ಸಿಗೋ ಕನ್ನಡ ‘ಮಾಡು’, ‘ಕುಡಿ’ ಎರಡೇ.

ಯೂಟ್ಯೂಬಿನ ಕನ್ನಡ ಕಾರ್ಟೂನ್ ನೆಚ್ಚಿಕೊಳ್ಳಬೇಡಿ. ಕೂಸುಗಳ ಭಾಷಾಕಲಿಕೆಯನ್ನು ಅಧ್ಯಯನ ಮಾಡುವ ಪೆಟ್ರೀಷಿಯಾ ಕುಲ್ ಅವರ ತಂಡ ಅಮೆರಿಕದ ಒಂಬತ್ತು ತಿಂಗಳ ಕೂಸುಗಳಿಗೆ 12 ಸಲ ಚೀನೀ ಭಾಷೆ ಕೇಳಿಸಿತು. ಎದುರಿಗೆ ಮನುಷ್ಯರು ಕೂತು ಆಡಿಸಿದಾಗ ಕೂಸುಗಳು ಅದರ ಧ್ವನಿಗಳನ್ನು ಹಿಡಿದವು; ಅದನ್ನೇ ಪರದೆ ಮೇಲೆ ತೋರಿಸಿದಾಗ ಇಲ್ಲ. ಅಜ್ಜಿಯ ವಿಡಿಯೋ ಕಾಲ್ ಬೇರೆ, ಅಲ್ಲಿ ಕೇಳಿದ್ದಕ್ಕೆ ಉತ್ತರ ಬರುತ್ತೆ. ಗಡಿಯಾರ ನೋಡಿಕೊಳ್ಳಿ: ಬೇಸಿಗೆಯಲ್ಲಿ ಊರು ಮೂರೂವರೆ ಗಂಟೆ ಮುಂದೆ, ಚಳಿಗಾಲದಲ್ಲಿ ನಾಲ್ಕೂವರೆ. ಚಳಿಗಾಲದಲ್ಲಿ ಇಲ್ಲಿ ಸಂಜೆ ಐದಾದಾಗ ಅಲ್ಲಿ ರಾತ್ರಿ ಒಂಬತ್ತೂವರೆ, ಅಜ್ಜಿ ಮಲಗಿರ್ತಾರೆ. ಭಾನುವಾರ ಬೆಳಗ್ಗೆ ಇಟ್ಟುಕೊಳ್ಳಿ. ‘ಊಟ ಆಯ್ತಾ’ದಲ್ಲೇ ಮಾತು ಮುಗಿಯದಂತೆ ಒಂದು ಕೆಲಸ ಕೊಡಿ: ಅಜ್ಜಿ ಕಡುಬು ಕಟ್ಟುತ್ತಾ ಹೇಳಲಿ, ಇವನು ಇಲ್ಲಿ ಹಿಟ್ಟಿನಲ್ಲಿ ಆಡುತ್ತಾ ಕೇಳಲಿ.

ಇನ್ನು ಜರ್ಮನ್. ಕಿಂಡರ್‌ಗಾರ್ಟನ್‌ನಲ್ಲಿ ಮೊದಲ ಎರಡು-ಮೂರು ವಾರ ನೀವೂ ಜೊತೆಗಿದ್ದು ಒಗ್ಗಿಸಬೇಕು, ರಜೆ ಉಳಿಸಿಕೊಂಡಿರಿ. ಶೌಚಾಲಯ, ನೀರು, ನೋವು, ಬೇಡ ಇಷ್ಟಕ್ಕೆ ಜರ್ಮನ್ ಪದ ಕಲಿಸಿ. ಇವಕ್ಕೆ ಅವನು ಕನ್ನಡದಲ್ಲಿ ಏನಂತಾನೆ ಅನ್ನೋದನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದು ಟೀಚರ್ ಕೈಗೆ ಕೊಡಿ. ಆಮೇಲೆ ಕೆಲವು ತಿಂಗಳು ಅಲ್ಲಿ ಅವನು ಬಾಯಿ ಬಿಡದೆ ಇರಬಹುದು; ಕೇಳಿಸಿಕೊಳ್ಳುವ ಕಾಲ ಅದು. ಗಾಬರಿಯಾಗಿ ನೀವು ಹರಕುಮುರುಕು ಜರ್ಮನ್‌ನಲ್ಲಿ ಮಾತಾಡಿಸಿದರೆ ಅದೂ ಇಲ್ಲ, ಇದೂ ಇಲ್ಲ. ನಾಲ್ಕು ವರ್ಷ ತುಂಬುವ ಹೊತ್ತಿಗೆ ‘ಯು 8’ ಅನ್ನೋ ಮಕ್ಕಳ ಆರೋಗ್ಯ ತಪಾಸಣೆ ಇರುತ್ತೆ, ಕಿವಿಯನ್ನೂ ನೋಡ್ತಾರೆ. ಮಾತು ಕಮ್ಮಿ ಅಂತ ಡಾಕ್ಟರ್ ಅಂದರೆ ಕನ್ನಡದ ಪದಗಳನ್ನೂ ಸೇರಿಸಿ ಲೆಕ್ಕ ಹಾಕಲು ಹೇಳಿ. ಎರಡು ಭಾಷೆಯಿಂದ ಮಾತು ಹಿಂದೆ ಬೀಳಲ್ಲ; ಕನ್ನಡದಲ್ಲೂ ಹಿಂದಿದ್ದರೆ ಮಾತ್ರ ತಡಮಾಡದೆ ತೋರಿಸಿ. ಅಗತ್ಯ ಬಿದ್ದರೆ ಶಾಲೆ ಸೇರುವ ಮುಂಚೆ 240 ಗಂಟೆಗಳ ಜರ್ಮನ್ ಪೂರ್ವ ತರಗತಿ ಇಲ್ಲಿದೆ.

ಕಷ್ಟ ಶುರುವಾಗೋದು ಆಮೇಲೆ. ನೀವು ಕನ್ನಡದಲ್ಲಿ ಕೇಳ್ತೀರಿ, ಅವನು ಜರ್ಮನ್‌ನಲ್ಲಿ ಉತ್ತರಿಸ್ತಾನೆ. ಬಹುಪಾಲು ಮನೆಗಳು ಸೋಲೋದು ಇಲ್ಲೇ, ಅರ್ಥವಾಯ್ತಲ್ಲ ಅಂತ ಸುಮ್ಮನಾಗ್ತಾರೆ. ಅವನು ಅಂದಿದ್ದನ್ನೇ ಕನ್ನಡದಲ್ಲಿ ಹೇಳಿ, ಮತ್ತೊಂದು ಪ್ರಶ್ನೆ ಹಾಕಿ. ‘ಹುಳಿ’ ‘ಹುಲಿ’ ಆಗತೊಡಗಿದರೆ ನಗಬೇಡಿ, ನಕ್ಕರೆ ಬಾಯಿ ಮುಚ್ಚಿಬಿಡ್ತಾನೆ.

ಶಾಲೆ ಸೇರಿದ ಮೇಲೆ ಉದ್ದನೆಯ ರಜೆ ಸಿಗೋದು ಆಗಸ್ಟಿನಲ್ಲಿ. ಊರಲ್ಲಿ ಜಡಿಮಳೆ, ಆದರೂ ಹೋಗಿ. ಹೊರಗೆ ಕಾಲಿಡೋಕಾಗದೆ ಇಡೀ ಮನೆ ಅಡುಗೆಮನೆಯಲ್ಲಿ ಕೂತು ಮಾತಾಡುತ್ತೆ. ಹೋಗೋ ಮುಂಚೆ ಅತ್ತೆ, ಮಾವ, ಚಿಕ್ಕಪ್ಪಂದಿರಿಗೆಲ್ಲ ಫೋನ್ ಮಾಡಿ ಒಂದು ಮಾತು ಹೇಳಿಡಿ: ಫಾರಿನ್‌ನಿಂದ ಬಂದ ಹುಡುಗ ಅಂತ ಅವನ ಹತ್ತಿರ ಇಂಗ್ಲಿಷ್ ಶುರು ಮಾಡಬೇಡಿ.