ತೊಗರಿ ತುಂಬುವ ಬಿಳಿ ಚೀಲ ಯಾವ ಪ್ಲಾಸ್ಟಿಕ್‌ನದು, ಬಿಸಿಲಿಗೆ ಅದು ಪುಡಿಯಾಗುವುದೇಕೆ?

ಕಲಬುರಗಿಯ ಮಾರುಕಟ್ಟೆಯಲ್ಲಿ ಗೋಣಿಚೀಲದ ಜೊತೆಗೆ ಕಾಣುವ ಬಿಳಿ ನೇಯ್ಗೆಯ ಚೀಲ ಸಾಮಾನ್ಯವಾಗಿ ಪಾಲಿಪ್ರೊಪಿಲೀನ್‌ನದು. ಇದು ಕಾಯಿಸಿದರೆ ಕರಗಿ, ಆರಿದಾಗ ಮತ್ತೆ ಗಟ್ಟಿಯಾಗುವ ಥರ್ಮೋಪ್ಲಾಸ್ಟಿಕ್. ಕರಗಿಸಿದ ಪ್ಲಾಸ್ಟಿಕ್ಕನ್ನು ತೆಳು ಹಾಳೆಯಾಗಿಸಿ, ಪಟ್ಟಿಗಳಾಗಿ ಸೀಳಿ, ಎಳೆದು ಹಿಗ್ಗಿಸಿದಾಗ ಅಣುಗಳ ಸರಪಳಿಗಳು ಒಂದೇ ದಿಕ್ಕಿಗೆ ಸಾಲುಗಟ್ಟುತ್ತವೆ. ಕಾಗದದಷ್ಟು ತೆಳುವಾದ ಪಟ್ಟಿಗಳಿಂದ ನೇಯ್ದ ಚೀಲ 50 ಕಿಲೋ ಕಾಳನ್ನು ತಾಳಿಕೊಳ್ಳುವುದು ಇದರಿಂದಲೇ.

ಪುಡಿಯಾಗುವುದಕ್ಕೆ ಸೆಕೆಯೇ ಕಾರಣವೆಂದು ಹಲವರು ತಿಳಿದಿದ್ದಾರೆ. ಆದರೆ ಇದು ಕರಗುವುದು ಸುಮಾರು 160 ಡಿಗ್ರಿ ಸೆಲ್ಸಿಯಸ್‌ನಲ್ಲಿ. ನಮ್ಮ ಮೇ ತಿಂಗಳ 42–43 ಡಿಗ್ರಿ ಅದಕ್ಕೆ ಲೆಕ್ಕಕ್ಕಿಲ್ಲ. ನಿಜವಾದ ಶತ್ರು ಬಿಸಿಲಿನಲ್ಲಿರುವ ಅತಿನೇರಳೆ ಕಿರಣ. ಈ ಪ್ಲಾಸ್ಟಿಕ್‌ನ ಸರಪಳಿಯಲ್ಲಿ ಒಂದು ಬಿಟ್ಟು ಒಂದು ಇಂಗಾಲದ ಪರಮಾಣುವಿಗೆ ಅಂಟಿಕೊಂಡ ಜಲಜನಕ ಸುಲಭವಾಗಿ ಕಳಚುವಂಥದ್ದು. ಕಿರಣವೂ ಗಾಳಿಯ ಆಮ್ಲಜನಕವೂ ಸೇರಿ ಅಲ್ಲಿಂದಲೇ ಸರಪಳಿಯನ್ನು ತುಂಡರಿಸುತ್ತವೆ. ತಯಾರಿಸುವಾಗ ಇದನ್ನು ತಡೆಯುವ ರಾಸಾಯನಿಕ ಬೆರೆಸದಿದ್ದರೆ, ಹೊಲದ ಬದುವಿನಲ್ಲಿ ಬಿಟ್ಟ ಚೀಲ ಕೆಲವೇ ತಿಂಗಳಲ್ಲಿ ಉದುರತೊಡಗುತ್ತದೆ.

ಊಟದ ಡಬ್ಬಿ, ಕುರ್ಚಿ, ಇಂಜೆಕ್ಷನ್ ಸಿರಿಂಜು, ಹಗ್ಗಗಳಲ್ಲೂ ಇದೇ ಇರುತ್ತದೆ. ಡಬ್ಬಿಯ ತಳದ ತ್ರಿಕೋನದಲ್ಲಿ 5 ಎಂಬ ಅಂಕೆಯಿದ್ದರೆ ಅದು ಪಾಲಿಪ್ರೊಪಿಲೀನ್. ತುಣುಕು ನೀರಿನಲ್ಲಿ ತೇಲುವುದೂ ಒಂದು ಸುಳಿವು, ಆದರೆ ಪಾಲಿಥೀನ್ ಕೂಡ ತೇಲುವುದರಿಂದ ಅದನ್ನಷ್ಟೇ ನೆಚ್ಚಿಕೊಳ್ಳಬಾರದು.