ಪುಟಾಣಿಗಳಿಗೆ ಹಟ್ಟಿ, ಗದ್ದೆ ತೋರಿಸುವಾಗ

ಪ್ರಶ್ನೆ: ನಮ್ಮದು ಎಣ್ಮಕಜೆ ಕಡೆಯ ಅಡಿಕೆ ತೋಟ. ಹಟ್ಟಿಯಲ್ಲಿ ಮೂರು ಕಾಸರಗೋಡು ಗಿಡ್ಡ ದನ, ಜೊತೆಗೆ ಊರ ಕೋಳಿ, ಚೂರು ಗದ್ದೆ ಇದೆ. ಅಂಗನವಾಡಿ ಮತ್ತು ಒಂದನೇ, ಎರಡನೇ ತರಗತಿಯ ಸುಮಾರು 30 ಮಕ್ಕಳನ್ನು ಕರೆಸಿ ಅರ್ಧ ದಿನ ಕೃಷಿ ತೋರಿಸಬೇಕೆಂದಿದ್ದೇವೆ. ಮನೆಯಲ್ಲಿ ನಾವು ನಾಲ್ಕೇ ಮಂದಿ. ಏನೇನು ತೋರಿಸಬಹುದು?

ಉತ್ತರ: ಇದ್ದದ್ದನ್ನೆಲ್ಲ ತೋರಿಸಲು ಹೋಗಬೇಡಿ. ಈ ವಯಸ್ಸಿನ ಮಗು ಒಂದು ಕಡೆ ಹದಿನೈದು ನಿಮಿಷ ನಿಂತರೆ ಹೆಚ್ಚು. ನೋಡಿದ್ದಕ್ಕಿಂತ ಕೈಯಾರೆ ಮಾಡಿದ್ದೇ ಅದರ ಮನಸ್ಸಿನಲ್ಲಿ ಉಳಿಯುವುದು. ನಾಲ್ಕು ಜಾಗ ಸಾಕು: ಹಟ್ಟಿ, ಕೋಳಿಗೂಡು, ನೇಜಿ (ನೆಡುವ ಭತ್ತದ ಸಸಿ), ಮೊಸರು ಕಡೆಯುವುದು. ಮನೆಯವರು ಒಬ್ಬೊಬ್ಬರು ಒಂದೊಂದು ಜಾಗದಲ್ಲೇ ನಿಲ್ಲಲಿ. ಏಳೆಂಟು ಮಕ್ಕಳ ಗುಂಪುಗಳು ಶಿಕ್ಷಕಿಯರ ಜೊತೆ ಸುತ್ತಲಿ. ತಿನ್ನುವ ವಿಚಾರ ಎಲ್ಲ ಮುಗಿದ ಮೇಲೆ, ಹಟ್ಟಿಯಿಂದ ದೂರ ಇರುವ ಜಗಲಿಯಲ್ಲಿ.

ಹಟ್ಟಿಯಲ್ಲಿ ತಯಾರಿ ಹೆಚ್ಚು ಬೇಕು. ಗಿಡ್ಡ ತಳಿ ಒಂದು ಮೀಟರ್ ಆಸುಪಾಸಿನ ಎತ್ತರದ್ದಾದ್ದರಿಂದ ಪುಟ್ಟ ಮಕ್ಕಳಿಗೆ ಹೆದರಿಕೆ ಕಡಿಮೆ, ಅದು ನಿಮ್ಮ ಅದೃಷ್ಟ. ಆದರೆ ಹೊಸದಾಗಿ ಕರು ಹಾಕಿದ್ದನ್ನು ಆ ದಿನ ಬೇರೆ ಕಡೆ ಕಟ್ಟಿ. ಎಷ್ಟೇ ಸಾಧುವಾದರೂ ಕರುವಿನ ಹತ್ತಿರ ಹೋದವರನ್ನು ಅದು ಹಾಯಬಹುದು. ಉಳಿದವುಗಳ ಬಳಿಗೆ ಮಕ್ಕಳು ದನಕ್ಕೆ ಕಾಣುವಂತೆ ಭುಜದ ಕಡೆಯಿಂದ ಬರಲಿ. ಹಿಂದಿನಿಂದ ಬಂದರೆ ಒದೆಯುತ್ತದೆ. ತಿನ್ನಿಸಲು ಒಬ್ಬೊಬ್ಬರಿಗೆ ಒಂದು ಹಿಡಿ ಹಸಿ ಹುಲ್ಲು ಕೊಡಿ. ಮಕ್ಕಳು ತಂದ ಬಿಸ್ಕತ್ತು, ಅನ್ನ, ಹಲಸಿನ ಹಣ್ಣು ಬೇಡವೇ ಬೇಡ: ಪಿಷ್ಟ, ಸಕ್ಕರೆ ಒಮ್ಮೆಲೇ ಹೆಚ್ಚು ಹೋದರೆ ದನದ ಹೊಟ್ಟೆಯಲ್ಲಿ ಹುಳಿ ಏರುತ್ತದೆ, ಮೇವು ಬಿಡುತ್ತದೆ, ಜೀವಕ್ಕೇ ಅಪಾಯ.

ಹಾಲು ಕರೆಯುವುದನ್ನು ಎಲ್ಲರೂ ಕೇಳುತ್ತಾರೆ. ಗುಂಪು ಸುತ್ತುವರಿದು ಗದ್ದಲ ಮಾಡಿದರೆ ಬೆದರಿದ ದನ ಹಾಲು ಇಳಿಸುವುದಿಲ್ಲ, ಎಷ್ಟು ಹಿಂಡಿದರೂ ಬಾರದು. ನಿಜವಾದ ಕರೆಯುವಿಕೆಯನ್ನು ಮೂರು ನಾಲ್ಕು ಮಕ್ಕಳಿಗೆ ಮಾತ್ರ, ಮೌನವಾಗಿ ತೋರಿಸಿ. ಉಳಿದವರ ಅಭ್ಯಾಸಕ್ಕೆ ರಬ್ಬರ್ ಕೈಗವಸಿನಲ್ಲಿ ಅಕ್ಕಿಹಿಟ್ಟು ಕದಡಿ ಸೋಸಿದ ನೀರು ತುಂಬಿ, ಬಾಯಿ ಕಟ್ಟಿ, ಬಿದಿರಿನ ಅಡ್ಡಕೋಲಿಗೆ ತೂಗುಹಾಕಿ. ನಾಲ್ಕು ಬೆರಳ ತುದಿಗೂ ಸಪೂರ ಸೂಜಿಯಲ್ಲಿ ಒಂದೊಂದು ತೂತು. ದಪ್ಪ ಸೂಜಿಯಾದರೆ ಹಿಂಡುವ ಮೊದಲೇ ಸೋರುತ್ತದೆ. ಹೆಬ್ಬೆರಳು ಮತ್ತು ತೋರುಬೆರಳಿನಿಂದ ಮೇಲೆ ಬಿಗಿಹಿಡಿದು, ಉಳಿದ ಬೆರಳುಗಳನ್ನು ಒಂದರ ನಂತರ ಒಂದು ಮಡಚಬೇಕು. ಬರೀ ಕೆಳಗೆ ಎಳೆದರೆ ಹನಿಯೂ ಬೀಳುವುದಿಲ್ಲ. ಮಕ್ಕಳಿಗೆ ಇದು ಎರಡೇ ನಿಮಿಷದಲ್ಲಿ ತಿಳಿಯುತ್ತದೆ. ಕುಡಿಯಲು ಹಸಿ ಹಾಲು ಯಾರಿಗೂ ಕೊಡಬೇಡಿ, ಕಾಯಿಸಿದ್ದೇ ಆಗಬೇಕು.

ನೇಜಿಗೆ ಎರಡು ವಾರ ಮೊದಲೇ ಕೆಲಸ ಶುರುಮಾಡಿ. ಬಿತ್ತನೆಯ ಭತ್ತವನ್ನು 24 ಗಂಟೆ ನೆನೆಹಾಕಿ, ನೀರು ಬಸಿದು, ಒದ್ದೆ ಗೋಣಿಯಲ್ಲಿ ಕಟ್ಟಿಟ್ಟರೆ ಒಂದೆರಡು ದಿನದಲ್ಲಿ ಮೊಳಕೆ ಬರುತ್ತದೆ. ಅಡಿಕೆ ಹಾಳೆಯಲ್ಲಿ ಎರಡು ಬೆರಳು ದಪ್ಪ ಮಣ್ಣು, ಒಣ ಹಟ್ಟಿಗೊಬ್ಬರ ಹರಡಿ ಬಿತ್ತಿ. ಐದೈದು ದಿನಕ್ಕೆ ಒಂದು ಹಾಳೆ ಬಿತ್ತುತ್ತಾ ಹೋದರೆ ಆ ದಿನ ಮೊಳಕೆ, ಎಳೆ ನೇಜಿ, ಬೆಳೆದ ನೇಜಿ ಸಾಲಾಗಿ ಸಿಗುತ್ತವೆ. ಪಕ್ಕದಲ್ಲಿ ಒಂದು ಕಟ್ಟು ತೆನೆ, ಒಂದು ಹಿಡಿ ಕುಚ್ಚಿಲಕ್ಕಿ ಇಡಿ. ಬೆಳಗ್ಗೆ ಉಂಡ ಗಂಜಿ ಎಲ್ಲಿಂದ ಬಂತೆಂದು ಬೇರೆ ವಿವರಣೆ ಬೇಕಾಗದು. ಮಕ್ಕಳು ನೆಡುವಾಗ ಮಾಡುವ ತಪ್ಪು ಒಂದೇ, ಮಣಿಕಟ್ಟಿನವರೆಗೆ ಕೆಸರಿಗೆ ತುರುಕುವುದು. ಅಷ್ಟು ಆಳಕ್ಕೆ ಹೋದ ನೇಜಿ ಚೆನ್ನಾಗಿ ತೆಂಡೆ (ಬುಡದ ಕವಲು) ಒಡೆಯುವುದಿಲ್ಲ. ಎರಡು ಮೂರು ಸಸಿಯನ್ನು ಬೇರಿನ ಹತ್ತಿರ ಮೂರು ಬೆರಳಲ್ಲಿ ಹಿಡಿದು, 2-3 ಸೆಂಟಿಮೀಟರ್ ಮಾತ್ರ ಊರಲು ಹೇಳಿ.

ತೋಟದಲ್ಲಿ ಹಾಳೆಯ ಮೇಲೆ ಕೂರಿಸಿ ಎಳೆಯುವ ಆಟವಿದ್ದರೆ ಸಾಕು. ಕೆರೆ, ಬಾವಿ, ಗೊಬ್ಬರಗುಂಡಿಗೆ ಮೊದಲೇ ಬೇಲಿ ಕಟ್ಟಿ; ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದ ಒಳಗೆ ಮಕ್ಕಳನ್ನು ಬಿಡಲೇಬೇಡಿ, ಬಾಯಿಯಲ್ಲಿ ನಿಲ್ಲಿಸಿ ನೀರು ಬರುವುದನ್ನು ತೋರಿಸಿದರಾಯಿತು. ಬಿದ್ದ ಹಣ್ಣಡಿಕೆಯನ್ನು ಹಿಂದಿನ ದಿನವೇ ಹೆಕ್ಕಿ. ಬಣ್ಣ ನೋಡಿ ಮಕ್ಕಳು ಬಾಯಿಗೆ ಹಾಕುತ್ತಾರೆ. ಗಂಟಲಲ್ಲಿ ಸಿಕ್ಕಿಕೊಳ್ಳಬಹುದು, ಜಗಿದರೆ ತಲೆಸುತ್ತು, ವಾಂತಿ.

ಕೈತೊಳೆಯುವ ವ್ಯವಸ್ಥೆ ಇಲ್ಲದಿದ್ದರೆ ಕಾರ್ಯಕ್ರಮವನ್ನೇ ಮುಂದೂಡಿ. ಸೆಗಣಿ, ಕೋಳಿಹಿಕ್ಕೆಯಲ್ಲಿರುವ ರೋಗಾಣು ಐದು ವರ್ಷದೊಳಗಿನವರಿಗೆ ಬೇಗ ತಗಲುತ್ತದೆ. ಮಣ್ಣಾದ ಕೈಗೆ ಸ್ಯಾನಿಟೈಸರ್ ಸಾಲದು. ನಲ್ಲಿ ಇರುವ ಡ್ರಮ್, ಸಾಬೂನು, 20 ಸೆಕೆಂಡ್ ಉಜ್ಜುವುದು, ದೊಡ್ಡವರು ಪಕ್ಕದಲ್ಲಿ ನಿಂತಿರುವುದು, ಇಷ್ಟೂ ಬೇಕು.

ಪ್ರಶ್ನೆ: ಮಕ್ಕಳ ಮುಂದೆ ಬಾಟಲಿಯಲ್ಲಿ ಮೊಸರು ಕುಲುಕಿಸಿದೆವು, ಬೆಣ್ಣೆ ಬರಲೇ ಇಲ್ಲ. ಏನು ತಪ್ಪು? (ಮುಳ್ಳೇರಿಯದಿಂದ)

ಉತ್ತರ: ಬಾಟಲಿ ತುಂಬಿಸಿದ್ದಿರಬೇಕು, ಇಲ್ಲವೇ ಮೊಸರು ಬೆಚ್ಚಗಿದ್ದಿರಬೇಕು. ಅರ್ಧ ಲೀಟರಿನ ಅಗಲ ಬಾಯಿಯ ಬಾಟಲಿಗೆ ಅರ್ಧದಷ್ಟೇ ಕೆನೆಮೊಸರು ಹಾಕಿ. ಬಡಿದಾಡಲು ಜಾಗವಿಲ್ಲದಿದ್ದರೆ ಕೊಬ್ಬು ಒಂದಕ್ಕೊಂದು ಅಂಟುವುದಿಲ್ಲ. ಸೆಕೆಗೆ ಅದು ಎಣ್ಣೆಯಂತಾಗಿ ಗೋಡೆಗೆ ಮೆತ್ತಿಕೊಳ್ಳುತ್ತದೆ, ಫ್ರಿಜ್ಜಿನಿಂದ ಆಗಷ್ಟೇ ತೆಗೆದದ್ದಾದರೆ ನೊರೆಯೇ ನೊರೆ. ಹೊರಗೆ ತೆಗೆದು ಸ್ವಲ್ಪ ಹೊತ್ತು ಬಿಟ್ಟು ಶುರುಮಾಡಿ. ನಾಲ್ಕು ಮಕ್ಕಳು ಕೈ ಬದಲಿಸುತ್ತಾ ಕುಲುಕಲಿ. ಶಬ್ದ ಬದಲಾಗಿ ಕಾಳುಕಾಳಾಗಿ ಕಂಡಾಗ ಒಂದಿಷ್ಟು ತಣ್ಣೀರು ಹಾಕಿ ಮೆಲ್ಲನೆ ಅಲ್ಲಾಡಿಸಿದರೆ ಮುದ್ದೆಯಾಗುತ್ತದೆ.

ಪ್ರಶ್ನೆ: ಮೊಟ್ಟೆ ಒಡೆದು ಮರಿ ಬರುವುದನ್ನೇ ಮಕ್ಕಳಿಗೆ ತೋರಿಸಬಹುದೇ? (ಕುಂಬಳೆಯಿಂದ)

ಉತ್ತರ: ಸರಿಯಾಗಿ ಅದೇ ಗಳಿಗೆಗೆ ಶಾಲೆಯ ವಾಹನ ಬರುವಂತೆ ಮಾಡಲಾಗದು. ಕೋಳಿಮೊಟ್ಟೆಗೆ 21 ದಿನ, ಒಂದು ದಿನ ಹಿಂದೆ ಮುಂದೆ ಆಗಬಹುದು. ಕೊನೆಯ ಮೂರು ದಿನ ಕಾವು ಕೂತ ಹೇಂಟೆಗೆ ತೊಂದರೆ ಕೊಡಬಾರದು. ಎರಡು ಸಲ ಕರೆಸುವುದು ಒಳ್ಳೆಯದು. ಏಳನೇ ದಿನದ ಮೇಲೆ ಕತ್ತಲೆ ಕೋಣೆಯಲ್ಲಿ ಮೊಬೈಲ್ ಟಾರ್ಚಿನ ಮೇಲೆ ಮೊಟ್ಟೆ ಹಿಡಿದರೆ ಕೆಂಪು ರಕ್ತನಾಳಗಳು ಕಾಣುತ್ತವೆ; ಏನೂ ಕಾಣದೆ ತಿಳಿಯಾಗಿದ್ದರೆ ಅದರಲ್ಲಿ ಮರಿಯಿಲ್ಲ. ಎರಡನೇ ಸಲ ಮರಿಗಳಿಗೆ ನಾಲ್ಕೈದು ದಿನ ಆದ ಮೇಲೆ. ಮಕ್ಕಳು ನೆಲದಲ್ಲಿ ಕೂತು, ಮಡಿಲ ಮೇಲೆ ಬೊಗಸೆಯಲ್ಲಿ ಹಿಡಿಯಲಿ, ಮುತ್ತಿಡುವುದು ಬೇಡ. ತಡವಾದ ಮರಿಗೆ ಸಹಾಯ ಮಾಡಲೆಂದು ಚಿಪ್ಪು ಸುಲಿಯಬೇಡಿ. ನಾಳಗಳು ಒಣಗುವ ಮೊದಲು ಸುಲಿದರೆ ರಕ್ತ ಹೋಗಿ ಸಾಯುತ್ತದೆ.

ಪ್ರಶ್ನೆ: ಮಲಯಾಳ ತಿಂಗಳು ಚಿಂಗಂ 1ರಂದು ಬರುವ ಕೇರಳದ ಕೃಷಿಕ ದಿನದಂದೇ ಮಾಡೋಣವೇ?

ಉತ್ತರ: ತೋಟದಲ್ಲಿ ಬೇಡ. ಆಗಸ್ಟ್ ನಡುವಿನಲ್ಲಿ ಮಳೆ, ಜಾರಿಕೆ ಇರುತ್ತದೆ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣದ (ಮೈಲುತುತ್ತು, ಸುಣ್ಣದ ಮಿಶ್ರಣ) ಸಿಂಪಡಣೆಯೂ ಮಳೆಗಾಲದಲ್ಲೇ. ಮೈಲುತುತ್ತು ತಾಗಿದ ಸೋಗೆ, ಹುಲ್ಲು ಮಕ್ಕಳ ಕೈಗೆ ಸಿಗಬಾರದು. ಕಾಲಲ್ಲಿ ಗಾಯವಿರುವ ಮಗು ಕೆಸರಿಗಿಳಿದರೆ ಇಲಿಜ್ವರದ ಭಯ. ಆ ದಿನವೇ ಆಗಬೇಕೆಂದಿದ್ದರೆ ಹಾಳೆಯ ನೇಜಿ, ಕೈಗವಸಿನ ಕೆಚ್ಚಲು, ಮೊಸರಿನ ಬಾಟಲಿ ಹೊತ್ತು ನೀವೇ ಶಾಲೆಯ ಜಗಲಿಗೆ ಹೋಗಿ. ತೋಟಕ್ಕೆ ಕರೆಸುವುದಾದರೆ ಡಿಸೆಂಬರಿನಿಂದ ಫೆಬ್ರವರಿ, ಬೆಳಗ್ಗೆ ಒಂಬತ್ತೂವರೆಯಿಂದ ಹನ್ನೆರಡರವರೆಗೆ.