ಮೈದಾನಕ್ಕೂ ಒಂದು ಕ್ಯಾಲೆಂಡರ್ ಮಾಡಿ

ಮೇಷ್ಟ್ರೇ, ಖೋ ಖೋ ಅಭ್ಯಾಸ, ಪ್ರತಿಭಾ ಕಾರಂಜಿ ತಾಲೀಮು ಒಂದೇ ಹೊತ್ತಿಗೆ ಬೀಳುತ್ತಿದೆ, ವಾಟ್ಸಾಪ್‌ನಲ್ಲಿ ಹಾಕಿದ್ದು ಯಾರೂ ನೋಡುವುದಿಲ್ಲ ಅಂದಿರಿ. ದುಡ್ಡು ಕೊಟ್ಟು ಸಾಫ್ಟ್‌ವೇರ್ ಯಾಕೆ? ಗೂಗಲ್ ಕ್ಯಾಲೆಂಡರ್ ಸಾಕು. ತಂಡಕ್ಕೊಂದು ಕ್ಯಾಲೆಂಡರ್ ಮಾಡಿ, ಮೈದಾನಕ್ಕೂ ಒಂದು. ಜಗಳ ಶುರುವಾಗುವುದೇ ಮೈದಾನಕ್ಕೆ, ಅಲ್ವಾ? ಕಂಪ್ಯೂಟರ್‌ನಲ್ಲಿ ಮಾಡಿದರೆ ಸುಲಭ. ‘ಮಂಗಳವಾರ 4 ಗಂಟೆ, ಖೋ ಖೋ’ ಅಂತ ಒಮ್ಮೆ ಹಾಕಿ, ಪ್ರತಿ ವಾರ ಬರುವಂತೆ ಮಾಡಿ. ಹೋಬಳಿ ಮಟ್ಟದ ಪಂದ್ಯ ಇರುವ ವಾರ ಆ ಒಂದು ದಿನದ್ದಷ್ಟೇ ಅಳಿಸಬಹುದು. ಉಳಿದ ಶಿಕ್ಷಕರಿಗೆ ತಿದ್ದುವ ಅನುಮತಿ ಕೊಡಿ. ಪೋಷಕರಿಗೆ ನೋಡುವುದಕ್ಕೆ ಮಾತ್ರ. ಇಲ್ಲದಿದ್ದರೆ ಯಾರೋ ಸುಮ್ನೆ ಬೆರಳಾಡಿಸಿ ಎಲ್ಲ ಕಲಸಿಬಿಡುತ್ತಾರೆ! ಎರಡೂ ಕಡೆ ಇರುವ ಮಕ್ಕಳ ಹೆಸರನ್ನು ಗೂಗಲ್ ಶೀಟ್‌ನಲ್ಲಿ ಬೇರೆ ಬರೆದಿಡಿ. ಯಾವ ಮಗು ಎರಡು ಕಡೆ ಸಿಕ್ಕಿಕೊಂಡಿದೆ ಅಂತ ಕ್ಯಾಲೆಂಡರ್ ಹೇಳುವುದಿಲ್ಲ.